ಗಾಲಿ ತಿರುಗುವುದು ಬೇರೆ, ಬಂಡಿ ಸಾಗುವುದು ಬೇರೆ



ಜವಳಗೇರಾ, ಸಿಂಧನೂರು ಸೀಮೆಯ ಎರೆ ಭೂಮಿ ಹಿಂದೆ ಮಳೆಯನ್ನೇ ನಂಬಿ ಜೋಳ, ಹತ್ತಿ ಬೆಳೆಯುತ್ತಿತ್ತು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು, ಮುಂದೆ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಎಷ್ಟೋ ಹೊಲಗಳು ಭತ್ತದ ಗದ್ದೆಗಳಾದವು. ಗದ್ದೆಯ ಜೊತೆಗೆ ಕೆಸರು ಬಂತು, ಕೆಸರು ತುಳಿಯಲು ಟ್ರ್ಯಾಕ್ಟರು ಬಂತು. ಜವಳಗೇರಾದಲ್ಲಿ ರಾಷ್ಟ್ರೀಯ ಬೀಜ ನಿಗಮದ ಫಾರಮ್ಮೇ ಇದೆ. ಯಂತ್ರಗಳು ನಮಗೆ ಹೊಸವಲ್ಲ. ಆದರೂ ನಾಟಿಯ ಹೊತ್ತಿಗೆ ಟ್ರ್ಯಾಕ್ಟರು ಹೂತು ನಿಲ್ಲುವುದು ತಪ್ಪಿಲ್ಲ. ಗಾಲಿ ಗರಗರ ತಿರುಗುತ್ತದೆ, ಗಾಡಿ ಒಂದು ಗೇಣೂ ಮುಂದೆ ಹೋಗದು. ಹೀಗೇಕೆ ಆಗುತ್ತದೆ ಎಂಬುದನ್ನು ಸ್ವಲ್ಪ ವಿಚಾರ ಮಾಡೋಣ. ಇದು ಬರೀ ಡೀಸೆಲ್ಲಿನ ಮಾತಲ್ಲ, ಜೀವದ ಮಾತೂ ಹೌದು.

ಚಲನೆಯಲ್ಲಿ ಎರಡು ಬಗೆ. ನಾಲ್ಕು ತಾಳಿನ ಕೂರಿಗೆ ನೆಟ್ಟಗೆ ಸಾಲು ಹಿಡಿದು ಹೋಗುವಾಗ ನಾಲ್ಕೂ ತಾಳುಗಳು ಸಮಸಮ ದೂರ ಹೋಗುತ್ತವೆ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಇದು ಸಾಗುವ ಚಲನೆ. ಶಾಲೆಯ ಪುಸ್ತಕದಲ್ಲಿ ಸ್ಥಾನಾಂತರ ಚಲನೆ ಎನ್ನುತ್ತಾರೆ. ಇನ್ನು ಬೀಸುವ ಕಲ್ಲು ನೋಡಿರಿ. ಬೆಳಗಿನ ತನಕ ತಿರುಗಿದರೂ ಇದ್ದ ಜಾಗ ಬಿಟ್ಟು ಕದಲದು. ನಡುವಿನ ಗೂಟದ ಹತ್ತಿರ ಕಲ್ಲು ಸಣ್ಣ ಸುತ್ತು ಹಾಕುತ್ತದೆ, ಅಂಚಿನ ಹಿಡಿ ದೊಡ್ಡ ಸುತ್ತು ಹಾಕುತ್ತದೆ, ಎರಡೂ ಮುಗಿಯುವುದು ಒಂದೇ ಹೊತ್ತಿಗೆ. ಇದು ತಿರುಗುವ ಚಲನೆ, ಅಂದರೆ ಭ್ರಮಣ ಚಲನೆ. ಕೂರಿಗೆಯನ್ನು ಎತ್ತದೆ ಬದುವಿನಲ್ಲಿ ತಿರುವಿದರೆ ಒಳಗಿನ ತಾಳಿನ ಬೀಜ ಒತ್ತಾಗಿ, ಹೊರಗಿನದು ತೆಳ್ಳಗೆ ಬೀಳುವುದೂ ಇದೇ ಕಾರಣಕ್ಕೆ.

ಬಂಡಿಯ ಗಾಲಿಯಲ್ಲಿ ಇವೆರಡೂ ಕೂಡಿವೆ. ಐದು ಅಡಿ ಎತ್ತರದ ಗಾಲಿ ಜಾರದೆ ಒಂದು ಸುತ್ತು ಉರುಳಿದರೆ ಬಂಡಿ ಸುಮಾರು 15 ಅಡಿ 8 ಅಂಗುಲ ಸಾಗುತ್ತದೆ. ಒಂದು ಚಮತ್ಕಾರ ಹೇಳುತ್ತೇನೆ, ನಂಬಲಿಕ್ಕಿಲ್ಲ: ಹೀಗೆ ಉರುಳುವಾಗ ಗಾಲಿಯ ತುದಿ ಬಂಡಿಗಿಂತ ಎರಡು ಪಟ್ಟು ವೇಗದಲ್ಲಿ ಹೋಗುತ್ತಿರುತ್ತದೆ, ನೆಲಕ್ಕೆ ತಾಗಿದ ಬಿಂದು ಆ ಕ್ಷಣಕ್ಕೆ ನಿಂತೇ ಇರುತ್ತದೆ! ಸಾಕ್ಷಿ ಬೇಕೇ? ಹಸಿ ಮಣ್ಣಿನ ಮೇಲೆ ಟಯರಿನ ಅಚ್ಚು ನೋಡಿರಿ. ಜಾರದೆ ಉರುಳಿದ ಕಡೆ ಒಂದೊಂದು ಗೆರೆಯೂ ಒತ್ತಿದ ಹಾಗೆ ಮೂಡಿರುತ್ತದೆ. ಅಚ್ಚು ಅಳಿಸಿ ಗೀರು ಬಿದ್ದಿದ್ದರೆ ಗಾಲಿ ಜಾರಿದೆ ಎಂದೇ ತಿಳಿಯಿರಿ.

ಬಂಡಿಗೂ ಟ್ರ್ಯಾಕ್ಟರಿಗೂ ಒಂದು ಭೇದವುಂಟು. ಎತ್ತು ಬಂಡಿಯನ್ನು ಎಳೆಯುತ್ತದೆ, ಬಂಡಿ ಸಾಗುವುದರಿಂದ ಗಾಲಿ ತಿರುಗುತ್ತದೆ. ಟ್ರ್ಯಾಕ್ಟರಿನಲ್ಲಿ ತಿರುವುಮುರುವು. ಎಂಜಿನು ಕೊಡುವುದು ತಿರುಗುವ ಚಲನೆಯನ್ನಷ್ಟೇ. ಅದನ್ನು ಸಾಗುವ ಚಲನೆಯನ್ನಾಗಿ ಮಾಡುವುದು ನೆಲ. ನೆಲ ಹಿಡಿತ ಕೊಟ್ಟರೆ ಸಾಗುತ್ತದೆ, ಕೊಡದಿದ್ದರೆ ಇಲ್ಲ. ಎರೆ ಮಣ್ಣು ನೆನೆದರೆ ಬೆಣ್ಣೆಯ ಹಾಗೆ, ಹಿಡಿತ ಎಲ್ಲಿಂದ ಬರಬೇಕು? ಅದಕ್ಕೇ ಗದ್ದೆಗೆ ಕಬ್ಬಿಣದ ಪಂಜರದ ಗಾಲಿ, ನೀವು ಕೇಜ್ ವೀಲ್ ಎನ್ನುವಿರಲ್ಲ, ಅದನ್ನು ಹಾಕುವುದು. ಅದರ ಪಟ್ಟಿಗಳು ಕೆಸರಿನಲ್ಲಿ ಇಳಿದು ಮಣ್ಣನ್ನು ಹಿಂದಕ್ಕೆ ಒತ್ತುತ್ತವೆ. (ಅದನ್ನೇ ಡಾಂಬರು ರಸ್ತೆಗೂ ಓಡಿಸುವವರಿದ್ದಾರೆ, ರಸ್ತೆಯ ಗತಿ ನೀವೇ ಕಂಡಿದ್ದೀರಿ.)

ಒಣ ಹೊಲದಲ್ಲಿ ಜಾರಿಕೆ ಎಷ್ಟೆಂದು ನೀವೇ ಅಳೆಯಬಹುದು. ಹಿಂದಿನ ಟಯರಿಗೆ ಸುಣ್ಣದ ಗುರುತು ಹಾಕಿ, ಗಟ್ಟಿ ದಾರಿಯ ಮೇಲೆ ಬರಿಗಾಡಿ ಹತ್ತು ಸುತ್ತಿಗೆ ಎಷ್ಟು ದೂರ ಹೋಯಿತೋ ಅಳೆಯಿರಿ. 130 ಅಡಿ ಬಂತೆನ್ನಿ. ನೇಗಿಲು ಹೂಡಿ ಹೊಲದಲ್ಲಿ ಹತ್ತು ಸುತ್ತಿಗೆ 115 ಅಡಿ ಬಂದರೆ, ನೂರಕ್ಕೆ ಸುಮಾರು 12ರಷ್ಟು ಜಾರಿದೆ, ಅಷ್ಟು ಸಹಜ. 95 ಅಡಿಯೇ ಬಂದರೆ ನೂರಕ್ಕೆ 27! ನಾಲ್ಕು ಲೀಟರಿಗೆ ಒಂದು ಲೀಟರು ಗಾಲಿ ಸುಮ್ಮನೆ ತಿರುಗಲಿಕ್ಕೇ ಹೋಯಿತು. ಆಳ ಕಡಿಮೆ ಮಾಡಿ, ಇಲ್ಲವೆ ನೆಲ ಸ್ವಲ್ಪ ಆರಲಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಗಾಲಿ ಹೂತು ಬಿಗಿಯಿತು. ಅವಸರದಲ್ಲಿ ಗಾಲಿಯ ಮುಂದೆ ಮರದ ತುಂಡು ಕಟ್ಟಿ ಜೋರಾಗಿ ಎಂಜಿನು ಕೊಡುತ್ತಾರೆ. ಗಾಲಿ ಸಾಗಲಾರದು, ತಿರುಗಲೂ ಆರದು. ಆದರೆ ಎಂಜಿನಿನ ತಿರುಗಿಸುವ ಬಲ ಎಲ್ಲಿಗಾದರೂ ಹೋಗಲೇಬೇಕಲ್ಲ? ಗಾಲಿ ಅಚ್ಚಿನ ಸುತ್ತ ತಿರುಗದಿದ್ದರೆ ಟ್ರ್ಯಾಕ್ಟರೇ ಅಚ್ಚಿನ ಸುತ್ತ ತಿರುಗುತ್ತದೆ. ಮೂತಿ ಮೇಲೆದ್ದು, ಒಂದೂವರೆ ಸೆಕೆಂಡಿನಷ್ಟರಲ್ಲಿ ಗಾಡಿ ಹಿಂದಕ್ಕೆ ಮಗುಚಿ ಚಾಲಕನ ಮೇಲೆ ಬೀಳುತ್ತದೆ. ಕ್ಲಚ್ಚು ತುಳಿಯುವಷ್ಟು ಹೊತ್ತೂ ಸಿಗದು. ಹಗ್ಗವನ್ನು ಅಚ್ಚಿಗೋ ಅದಕ್ಕಿಂತ ಮೇಲಕ್ಕೋ ಕಟ್ಟಿ ಭಾರ ಎಳೆದಾಗಲೂ ಹೀಗೇ.

ಆದ್ದರಿಂದ ಹೂತಾಗ ಮೊದಲು ಎಂಜಿನು ತಗ್ಗಿಸಿ. ಹಿಂದಿನ ಸಾಮಾನು ಬಿಚ್ಚಿ, ಗಾಲಿಯ ಹಿಂದಿನ ಕೆಸರು ಅಗೆದು, ಮೆಲ್ಲಗೆ ರಿವರ್ಸಿನಲ್ಲಿ ಬನ್ನಿ. ರಿವರ್ಸಿನಲ್ಲಿ ಅದೇ ಬಲ ಮೂತಿಯನ್ನು ಕೆಳಕ್ಕೆ ಒತ್ತುತ್ತದೆ. ಬರದಿದ್ದರೆ ಗಟ್ಟಿ ನೆಲದಲ್ಲಿ ನಿಂತ ಇನ್ನೊಂದು ಟ್ರ್ಯಾಕ್ಟರಿನಿಂದ ಎಳೆಸಿರಿ. ಎಳೆಯುವ ಗಾಡಿಗೆ ಸರಪಳಿಯನ್ನು ಕೆಳಗಿನ ಡ್ರಾಬಾರಿಗೇ ಕಟ್ಟಬೇಕು. ಮಕ್ಕಳು ಸರಪಳಿಯ ಹತ್ತಿರ ಸುಳಿಯಬಾರದು.

ತಾಯಂದಿರಿಗೂ ಒಂದು ಮಾತು. ರಾಶಿ ಯಂತ್ರಕ್ಕೆ ಟ್ರ್ಯಾಕ್ಟರಿನಿಂದ ಬರುವ ದಂಡ ಬೀಸುವ ಕಲ್ಲಿನ ಹಾಗೆ ನಿಂತಲ್ಲೇ ತಿರುಗುವುದರಿಂದ ಸಾಧುವಾಗಿ ಕಾಣುತ್ತದೆ. ಅದು ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು, ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. ದಂಡದ ಸುತ್ತಳತೆ ಅರ್ಧ ಅಡಿಯೇ ಇದ್ದರೂ ಸೆಕೆಂಡಿಗೆ ನಾಲ್ಕೂವರೆ ಅಡಿ ಬಟ್ಟೆ ಸುತ್ತಿಕೊಳ್ಳುತ್ತದೆ. ಹದಿನೆಂಟು ಅಡಿ ಸೀರೆಗೆ ನಾಲ್ಕೇ ಸೆಕೆಂಡು. ಸೆರಗು ಬಿಗಿದು ಕಟ್ಟಿರಿ, ದಂಡವನ್ನು ದಾಟಬೇಡಿರಿ, ಅದರ ಮೇಲಿನ ಮುಚ್ಚಳ ತೆಗೆದಿಟ್ಟಿದ್ದರೆ ಹಾಕಿಸಿದ ಮೇಲೆಯೇ ಕೆಲಸಕ್ಕೆ ನಿಲ್ಲಿರಿ. ಹುಲ್ಲು ಸಿಕ್ಕಿಕೊಂಡರೆ ಎಂಜಿನು ಆರಿಸಿ, ದಂಡ ಪೂರ್ತಿ ನಿಂತ ಮೇಲೆ ತೆಗೆಯಿರಿ.