ಬಾಯಿ ಒಣಗಿದರೆ ಯೀಸ್ಟಿಗೆ ಹಬ್ಬ

ಗುಬ್ಬಿಯ ಓದುಗರೊಬ್ಬರು ಕೇಳಿದ್ದಾರೆ: "ನಮ್ಮಜ್ಜಿಗೆ ಸಕ್ಕರೆ ಕಾಯಿಲೆ. ಹಲ್ಲಿನ ಸೆಟ್ಟು ಹಾಕುತ್ತಾರೆ. ನಾಲಿಗೆ ಮೇಲೆ ಬಿಳಿ ಪೊರೆ ಕಟ್ಟಿದೆ, ಬಾಯೆಲ್ಲ ಉರಿ. ಮನೆಯವರೆಲ್ಲ ಉಷ್ಣ ಅಂತಾರೆ, ನಿಜವೇ?"

ಉಷ್ಣವೂ ಅಲ್ಲ, ದೃಷ್ಟಿಯೂ ಅಲ್ಲ. ಇಂಥ ಪೊರೆ ಹೆಚ್ಚಾಗಿ ಕ್ಯಾಂಡಿಡಾ ಆಲ್ಬಿಕಾನ್ಸ್ ಎಂಬ ಯೀಸ್ಟಿನ ಕೆಲಸ. ಆರೋಗ್ಯವಂತರಲ್ಲೂ ಹತ್ತಿರಹತ್ತಿರ ಅರ್ಧದಷ್ಟು ಜನರ ಬಾಯಲ್ಲಿ ಅದು ತಂಟೆ ಮಾಡದೆ ಇದ್ದೇ ಇರುತ್ತದೆ. ಅದನ್ನು ಅಂಕೆಯಲ್ಲಿಡುವುದು ನಾವು ಹೊಲಸೆಂದು ಮುಖ ಸಿಂಡರಿಸುವ ಜೊಲ್ಲು!

ಕುಣಿಗಲ್ ಸ್ಟಡ್ ಫಾರ್ಮಿನ ಕುದುರೆಗಳನ್ನು ನೋಡಿ. ಅವುಗಳ ಕೆನ್ನೆಯ ಗ್ರಂಥಿ ಮೇವು ಅಗಿಯುವಾಗ ಮಾತ್ರ ರಸ ಸುರಿಸುತ್ತದೆ. ನಮ್ಮದು ಹಾಗಲ್ಲ, ಸುಮ್ಮನೆ ಕೂತಾಗಲೂ ಜಿನುಗುತ್ತದೆ. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು. ನುಂಗಿದಾಗಲೆಲ್ಲ ಒಂದಷ್ಟು ಯೀಸ್ಟ್ ಹೊಟ್ಟೆಗೆ ಕೊಚ್ಚಿಹೋಗುತ್ತದೆ.

ಜೊಲ್ಲಿನ ನಿಜವಾದ ಚಮತ್ಕಾರ ಹಿಸ್ಟಾಟಿನ್. 1988ರಲ್ಲಿ ಅಮೆರಿಕದ ವಿಜ್ಞಾನಿಗಳು ಹೆಸರಿಟ್ಟ ಈ ಪುಟ್ಟ ಪ್ರೋಟೀನುಗಳು ಮನುಷ್ಯರಲ್ಲಿ ಮತ್ತು ನಮಗೆ ಹತ್ತಿರದ ಕೆಲವು ವಾನರಗಳಲ್ಲಿ ಮಾತ್ರ ಕಂಡುಬಂದಿವೆ. ಅವುಗಳಲ್ಲಿ ಶೂರ ಹಿಸ್ಟಾಟಿನ್-5. ಬರೀ 24 ಅಮೈನೋ ಆಮ್ಲಗಳ ಸರಪಳಿ. ಅದರಲ್ಲಿ 7 ಹಿಸ್ಟಿಡಿನ್, ಹೆಸರು ಬಂದದ್ದೂ ಅದರಿಂದಲೇ. ಅದು ಯೀಸ್ಟಿನ ಗೋಡೆ ಒಡೆದು ನುಗ್ಗುವುದಿಲ್ಲ. ಆಹಾರವನ್ನು ಒಳಗೆ ಸಾಗಿಸಲು ಯೀಸ್ಟ್ ಇಟ್ಟುಕೊಂಡ ವಾಹಕಗಳೇ ಇದನ್ನೂ ಒಳಗೆಳೆದುಕೊಳ್ಳುತ್ತವೆ, ಮನೆಯಾಳೇ ವಿಷದ ಮೂಟೆ ಹೊತ್ತು ತಂದಂತೆ. ಆಮೇಲೆ ಜೀವಕೋಶದ ಇಂಧನವಾದ ಎಟಿಪಿ, ಜೊತೆಗೆ ಪೊಟ್ಯಾಸಿಯಮ್ ಸೋರಿಹೋಗಿ ಯೀಸ್ಟ್ ಮುದುಡಿ ಸಾಯುತ್ತದೆ. ಇನ್ನೂ ಸೋಜಿಗವೆಂದರೆ, ಉಸಿರಾಟ ನಿಂತು ನಿಸ್ತೇಜವಾಗಿರುವ ಯೀಸ್ಟ್ ಇದಕ್ಕೆ ಸುಲಭವಾಗಿ ಬಲಿಯಾಗದು. ಚುರುಕಾಗಿ ಬದುಕುತ್ತಿರುವುದೇ ಸಾಯುವುದು!

ಲೋಳೆಯಂತಿರುವ ಮ್ಯೂಸಿನ್ನಿನದು ಇನ್ನೊಂದು ಉಪಕಾರ. ಯೀಸ್ಟ್ ದಾರದಂತೆ ಉದ್ದಕ್ಕೆ ಬೆಳೆದು ಬಾಯಿಯ ಒಳಪದರಕ್ಕೆ ಇಳಿಯುವುದನ್ನು ಅದು ತಡೆಯುತ್ತದೆ.

ಆದರೆ ಜೊಲ್ಲಿನ ಕೆಲವು ಪ್ರೋಟೀನುಗಳು ಹಲ್ಲಿಗೂ ಸೆಟ್ಟಿಗೂ ತೆಳುಪದರವಾಗಿ ಮೆತ್ತಿಕೊಳ್ಳುತ್ತವೆ, ಯೀಸ್ಟ್ ಅದನ್ನೇ ಹಿಡಿದು ನೆಲೆಯೂರುತ್ತದೆ. ಹಾಗಾಗಿ ಜೊಲ್ಲು ಇದ್ದರಷ್ಟೇ ಸಾಲದು, ಹರಿಯುತ್ತಿರಬೇಕು. ನಿದ್ದೆಯಲ್ಲಿ ಆ ಹರಿವು ನಿಂತೇಹೋದಂತಿರುತ್ತದೆ. ರಾತ್ರಿಯೂ ಸೆಟ್ಟು ಬಾಯಲ್ಲೇ ಇದ್ದರೆ ಅದರಡಿ ಯೀಸ್ಟ್ ಹುಲುಸಾಗಿ ಬೆಳೆಯುತ್ತದೆ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಅಲರ್ಜಿ ಮತ್ತು ಖಿನ್ನತೆಯ ಕೆಲವು ಮಾತ್ರೆ, ತಲೆ-ಕತ್ತಿನ ಕ್ಯಾನ್ಸರಿಗೆ ಕೊಡುವ ವಿಕಿರಣ, ಇವೆಲ್ಲ ಬಾಯಿ ಒಣಗಿಸುತ್ತವೆ.

ಜೊಲ್ಲು ಬರಲೆಂದು ಎಲೆಅಡಿಕೆ ಹಾಕುವವರಿದ್ದಾರೆ. ಅಡಿಕೆ ತೋಟಗಳ ನಾಡಿನಲ್ಲಿ ಹೇಳಲು ಕಷ್ಟವಾದರೂ ಹೇಳಲೇಬೇಕು: ಅಡಿಕೆ ಬಾಯಿಯ ಚರ್ಮವನ್ನು ಬಿಗಿಸುತ್ತದೆ, ಕ್ಯಾನ್ಸರನ್ನೂ ತರಬಲ್ಲದು. ಎಳೆಗೂಸಿನ ಬಾಯಲ್ಲಿ ಬಿಳಿ ಪೊರೆ ಕಂಡಾಗ ಜೇನು ಸವರುವುದಂತೂ ಅಪಾಯ. ವರ್ಷ ತುಂಬದ ಮಗುವಿಗೆ ಜೇನಿನಿಂದ ಬಾಟುಲಿಸಮ್ ಎಂಬ ಪ್ರಾಣಾಂತಿಕ ಕಾಯಿಲೆ ಬರಬಹುದು.

ಅಜ್ಜಿಗೆ ಆಗಬೇಕಾದ್ದು ಇಷ್ಟು: ರಾತ್ರಿ ಸೆಟ್ಟು ತೆಗೆದು, ಉಜ್ಜಿ, ನೀರಿನಲ್ಲಿಡಿ. ಆಗಾಗ ಗುಟುಕು ನೀರು ಕೊಡಿ. ರಕ್ತದ ಸಕ್ಕರೆ ನೋಡಿಸಿ. ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸದೆ, ಚೀಟಿ ಸಮೇತ ತುಮಕೂರಿನ ದಂತವೈದ್ಯರ ಬಳಿಗೆ ಕರೆದೊಯ್ಯಿರಿ. ಯೀಸ್ಟಿಗೆ ಔಷಧಿಯುಂಟು, ಆದರೆ ಬಾಯಿ ಒಣಗಿದ್ದೇಕೆಂದು ಪತ್ತೆಹಚ್ಚದಿದ್ದರೆ ಪೊರೆ ಮತ್ತೆ ಕಟ್ಟುತ್ತದೆ.