‘ಗ್ರೀಫ್’ ಪದದ ಅರ್ಥ ಮತ್ತು ಮೂಲ: ಒಂದು ಜಾನಪದೀಯ ವಿವೇಚನೆ

ನಮ್ಮ ಸಾವಿನ ಹಾಡುಗಳನ್ನು ಇಂಗ್ಲಿಷಿಗೆ ಅನುವಾದಿಸುವಾಗ ಶೋಕ, ದುಃಖ, ಅಳಲು ಎಂಬ ಮೂರಕ್ಕೂ ‘ಗ್ರೀಫ್’ ಅಥವಾ ‘ಸಾರೋ’ ಎಂಬ ಪದಗಳನ್ನು ಭೇದವೆಣಿಸದೆ ಬಳಸಿಬಿಡುವುದುಂಟು. ‘ಗ್ರೀಫ್’ ಪದದ ಚರಿತ್ರೆಯನ್ನು ಪರಿಶೀಲಿಸಿದರೆ ಈ ಬಳಕೆಯಲ್ಲಿ ಏನು ಕಳೆದುಹೋಗುತ್ತದೆ ಎಂಬುದು ಸ್ಪಷ್ಟವಾಗುತ್ತದೆ.

ಈ ಪದದ ಮೂಲ ಲ್ಯಾಟಿನ್ ಭಾಷೆಯ ‘ಗ್ರಾವಿಸ್’; ಅದರ ಅರ್ಥ ‘ಭಾರವಾದ’ ಎಂದು. ಅದರಿಂದ ‘ಹೊರೆ ಹೊರಿಸು, ಪೀಡಿಸು’ ಎಂಬ ಅರ್ಥದ ಕ್ರಿಯಾಪದವೂ, ಹಳೆಯ ಫ್ರೆಂಚಿನಲ್ಲಿ ಅನ್ಯಾಯ, ಸಂಕಷ್ಟಗಳನ್ನು ಸೂಚಿಸುವ ನಾಮಪದವೂ ಹುಟ್ಟಿದವು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಅಲ್ಲಿನ ಆಸ್ಥಾನದ ಭಾಷೆಯಾಯಿತು. 13ನೆಯ ಶತಮಾನದ ಹೊತ್ತಿಗೆ ಈ ಪದ ಇಂಗ್ಲಿಷಿನಲ್ಲಿ ಕಾಣಿಸಿಕೊಳ್ಳುತ್ತದೆ. ಸಂಸ್ಕೃತದ ‘ಗುರು’ ಶಬ್ದವು ‘ಗ್ರಾವಿಸ್’ನೊಡನೆ ಒಂದೇ ಇಂಡೋ-ಯುರೋಪಿಯನ್ ಧಾತುವಿನಿಂದ ಬಂದುದಾಗಿದೆ. ಛಂದಸ್ಸಿನ ಗುರು-ಲಘುಗಳಲ್ಲಿರುವ ಗುರುವೂ ಇದೇ.

ಆರಂಭದಲ್ಲಿ ‘ಗ್ರೀಫ್’ ಒಳಗಿನ ಭಾವಕ್ಕಿಂತ ಹೊರಗಿನಿಂದ ಬಂದೆರಗಿದ ಕಷ್ಟವನ್ನು ಸೂಚಿಸುತ್ತಿತ್ತು. ದೇಹದ ನೋವಿಗೂ ಅದು ಸಲ್ಲುತ್ತಿತ್ತು. ಶೇಕ್ಸ್‌ಪಿಯರನ ನಾಲ್ಕನೆಯ ಹೆನ್ರಿ ನಾಟಕದ ಮೊದಲ ಭಾಗದಲ್ಲಿ ಫಾಲ್‌ಸ್ಟಾಫ್ ಗಾಯದ ನೋವನ್ನು ಇದೇ ಪದದಿಂದ ಹೇಳುತ್ತಾನೆ. ಕಾಲಕ್ರಮೇಣ ಅರ್ಥ ಒಳಸರಿದು, ಮುಖ್ಯವಾಗಿ ಅಗಲಿಕೆಯ ಸಂಕಟಕ್ಕೆ ನಿಂತಿತು. ಹಳೆಯ ಅರ್ಥ ಮಾತ್ರ ಅಳಿಯಲಿಲ್ಲ. ನಮ್ಮ ಕಚೇರಿಗಳು ‘ಕುಂದುಕೊರತೆ’ ಎಂದು ಕನ್ನಡಿಸುವ ‘ಗ್ರೀವನ್ಸ್’ ಅದೇ ಕುಲದ ಪದ.

ಇಲ್ಲಿ ಧ್ವನಿಸಾಮ್ಯವನ್ನು ನಂಬಿ ಮೋಸಹೋಗಬಾರದು. ಸಮಾಧಿ ಎಂಬರ್ಥದ ‘ಗ್ರೇವ್’ಗೂ ‘ಗ್ರೀಫ್’ಗೂ ಸಂಬಂಧವಿಲ್ಲ, ಅದು ‘ಅಗೆ’ ಎಂಬರ್ಥದ ಜರ್ಮಾನಿಕ್ ಧಾತುವಿನದು. ಹಾಗೆಯೇ ‘ಸಾರೋ’ ಮತ್ತು ‘ಸಾರಿ’ ಪದಗಳ ಮೂಲಗಳೂ ಬೇರೆ ಬೇರೆ; ಎರಡನೆಯದು ಹುಣ್ಣು, ನೋವು ಎಂಬರ್ಥದ ‘ಸೋರ್’ ಪದಕ್ಕೆ ಸೇರಿದ್ದು.

ಹಾಗಾದರೆ ‘ಗ್ರೀಫ್’ಗೆ ಸಮೀಪವಾದ ಕನ್ನಡ ಪದ ಯಾವುದು? ‘ಶೋಕ’ದ ಧಾತು ‘ಶುಚ್’ ಉರಿಯನ್ನು, ಬೆಳಗನ್ನು ಸೂಚಿಸುತ್ತದೆ. ಅಲ್ಲಿರುವುದು ಬೇಗೆ, ಭಾರವಲ್ಲ. ಭಾರದ ಕಲ್ಪನೆ ನಮ್ಮ ಆಡುಮಾತಿನಲ್ಲಿ ಜೀವಂತವಾಗಿದೆ: ಎದೆ ಭಾರವಾಗುತ್ತದೆ, ಅತ್ತರೆ ಮನಸ್ಸು ಹಗುರವಾಗುತ್ತದೆ. ಆದರೆ ಸಂಕಟ ಮತ್ತು ದೂರು ಎಂಬ ಎರಡೂ ಅರ್ಥಗಳನ್ನು ಒಟ್ಟಿಗೆ ಹೊತ್ತ ಪದ ‘ಅಳಲು’. ಮಗನನ್ನು ಕಳೆದುಕೊಂಡ ತಾಯಿಯದೂ ಅಳಲೇ. ಬೆಳೆ ಕಳೆದುಕೊಂಡ ರೈತ ಅಧಿಕಾರಿಯ ಮುಂದೆ ತೋಡಿಕೊಳ್ಳುವುದೂ ಅಳಲೇ.

ಈ ವಿವೇಚನೆ ಕೇವಲ ನಿಘಂಟಿನ ವಿಷಯವಲ್ಲ. ಸಾವಿನ ಮನೆಯಲ್ಲಿ ಹೆಂಗಸರು ಹಾಡಿ ಅಳುವಾಗ ಸತ್ತವರ ಗುಣಗಾನದ ನಡುವೆ ಬದುಕಿರುವವರ ಮೇಲಿನ ಆಪಾದನೆಯೂ ಸೇರಿಕೊಳ್ಳುವುದುಂಟು. ಬೇರೆಡೆ ಬಾಯಿಬಿಡಲಾರದವಳು ಅಲ್ಲಿ ನುಡಿಯುತ್ತಾಳೆ. ಅಂಥ ಹಾಡನ್ನು ‘ಶೋಕಗೀತೆ’ ಎಂದಷ್ಟೇ ವರ್ಗೀಕರಿಸಿದರೆ ಅವಳ ಕಣ್ಣೀರು ದಾಖಲಾಗುತ್ತದೆ, ದೂರು ದಾಖಲಾಗುವುದಿಲ್ಲ. ಆದ್ದರಿಂದ ಸಂಗ್ರಾಹಕರು ಇವನ್ನು ‘ಅಳಲಿನ ಹಾಡು’ ಎಂದು ಗುರುತಿಸುವುದು, ಇಂಗ್ಲಿಷಿನಲ್ಲಿ ‘ಸಾರೋ’ಗಿಂತ ‘ಗ್ರೀಫ್’ ಪದವನ್ನು ಆರಿಸಿಕೊಳ್ಳುವುದು ಹೆಚ್ಚು ಸಮಂಜಸವೆಂದು ತೋರುತ್ತದೆ.