ಮೌಸ್ ಕೆಟ್ಟಿಲ್ಲ, ಪಕ್ಕದ ಪೋರ್ಟ್ ನೋಡಿ

ಲ್ಯಾಪ್‌ಟಾಪ್‌ಗೆ ಎಕ್ಸ್‌ಟರ್ನಲ್ ಹಾರ್ಡ್‌ ಡಿಸ್ಕ್ ಹಾಕಿ ಮದುವೆ ಫೋಟೋ ಕಾಪಿ ಮಾಡ್ತಾ ಇದ್ದೀರಿ ಅಂದುಕೊಳ್ಳಿ. ಇದ್ದಕ್ಕಿದ್ದಂತೆ ವೈರ್‌ಲೆಸ್ ಮೌಸ್ ತಡವರಿಸೋಕೆ ಶುರುವಾಗುತ್ತೆ. ವೈಫೈ ಕೂಡ ನಿಧಾನ. ಬ್ಯಾಟರಿ ಬದಲಿಸ್ತೀರಿ, ಡ್ರೈವರ್ ಮತ್ತೆ ಹಾಕ್ತೀರಿ, ಕೊನೆಗೆ ಹೊಸ ಮೌಸ್ ತರ್ತೀರಿ. ಅದೂ ಹಾಗೇ! ದುಡ್ಡು ಹೋಯ್ತು, ತೊಂದರೆ ಉಳೀತು.

ಇಲ್ಲಿ ಹೆಚ್ಚಿನ ಸಲ ತಪ್ಪು ಮೌಸ್‌ದಲ್ಲ, ಹಾರ್ಡ್‌ ಡಿಸ್ಕ್‌ನದು. ಅದಕ್ಕಿಂತ ಸರಿಯಾಗಿ ಹೇಳೋದಾದ್ರೆ, ಅದು ಬಳಸುವ ಯುಎಸ್‌ಬಿ 3.0ದು.

2008ರಲ್ಲಿ ಬಂದ ಈ ಮಾನದಂಡದಲ್ಲಿ ದತ್ತಾಂಶ ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಓಡುತ್ತೆ. ಹಳೆಯ ಯುಎಸ್‌ಬಿ 2.0ರ ಗರಿಷ್ಠ ವೇಗ 480 ಮೆಗಾಬಿಟ್. ಅಷ್ಟು ವೇಗವಾಗಿ ಸಿಗ್ನಲ್ ಏರಿಳಿಯುವಾಗ ಕನೆಕ್ಟರ್, ಕೇಬಲ್, ಡಿಸ್ಕ್‌ನಿಂದ ಸ್ವಲ್ಪ ರೇಡಿಯೋ ಗದ್ದಲ ಹೊರಗೆ ಸೋರುತ್ತೆ. ಆ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯ ಮೇಲೂ ಹರಡುತ್ತೆ. ನಮ್ಮ ಹೆಚ್ಚಿನ ವೈರ್‌ಲೆಸ್ ಮೌಸ್, ಬ್ಲೂಟೂತ್, ಹಳೆಯ ವೈಫೈ ಎಲ್ಲಾ ಇರೋದು ಅಲ್ಲೇ. ಇಂಟೆಲ್ ಕಂಪನಿಯೇ 2012ರಲ್ಲಿ ಇದರ ಬಗ್ಗೆ ವರದಿ ಪ್ರಕಟಿಸಿತು. ಡಿಸ್ಕ್ ಜೋಡಿಸಿದಾಗ ಆ ಪಟ್ಟಿಯಲ್ಲಿ ಗದ್ದಲ ಸುಮಾರು 20 ಡೆಸಿಬೆಲ್ ಏರಿದ್ದು ಅಳತೆಯಲ್ಲಿ ಕಂಡಿತ್ತು. ಶಕ್ತಿಯ ಲೆಕ್ಕದಲ್ಲಿ ಅದು 100 ಪಟ್ಟು. ತಮಟೆ ಬಡಿಯೋ ಕಡೆ ಪಕ್ಕದಲ್ಲಿ ನಿಂತವರ ಮಾತೂ ಕೇಳಲ್ಲವಲ್ಲ, ಮೌಸ್‌ನ ಪುಟ್ಟ ಡಾಂಗಲ್‌ಗೂ ಅದೇ ಪಾಡು.

ಬ್ಲೂಟೂತ್ ಜಾಣ ಅಲ್ವಾ, ತಪ್ಪಿಸಿಕೊಳ್ಳಲ್ವಾ ಅಂತ ಕೇಳಬಹುದು. ಜಾಣನೇ. ಹಳೆಯ, ಅಂದ್ರೆ ಕ್ಲಾಸಿಕ್ ಬ್ಲೂಟೂತ್‌ಗೆ 79 ಚಾನೆಲ್ ಇವೆ, ವೈಫೈ ಗದ್ದಲ ಇರೋ ಚಾನೆಲ್ ಬಿಟ್ಟು ಬೇರೆಯದಕ್ಕೆ ಜಿಗಿಯುತ್ತೆ. ಆದ್ರೆ ಯುಎಸ್‌ಬಿ ಗದ್ದಲ ಇಡೀ ಪಟ್ಟಿಗೇ ಕವಿದಾಗ ಜಿಗಿಯೋದಾದ್ರೂ ಎಲ್ಲಿಗೆ?

ಎರಡೂ ಕಡೆಯ ಡಬ್ಬಿ ಮೇಲೆ "ಕಂಪ್ಯಾಟಿಬಲ್" ಅಂತಲೇ ಇರುತ್ತೆ. ಅದು ಸುಳ್ಳಲ್ಲ. ಎರಡೂ ತಮ್ಮ ತಮ್ಮ ಮಾನದಂಡ ಪಾಲಿಸ್ತಿವೆ. ಆದ್ರೆ ಅಕ್ಕಪಕ್ಕ ಕೂತಾಗ ಹೇಗೆ ಬಾಳ್ತವೆ ಅನ್ನೋದನ್ನ ಆ ಪದ ಹೇಳಲ್ಲ.

ಪರೀಕ್ಷೆ ಸುಲಭ. ಡಿಸ್ಕ್ ಸುರಕ್ಷಿತವಾಗಿ ತೆಗೆದು ನೋಡಿ. ಮೌಸ್ ಸರಿಹೋದ್ರೆ ಕಳ್ಳ ಸಿಕ್ಕ. ಆಮೇಲೆ ಡಾಂಗಲ್ಲನ್ನು ಲ್ಯಾಪ್‌ಟಾಪಿನ ಇನ್ನೊಂದು ಬದಿಯ ಪೋರ್ಟ್‌ಗೆ ಹಾಕಿ. ಅದಕ್ಕೂ ಒಳ್ಳೇದು, ಒಂದು ಸಣ್ಣ ಯುಎಸ್‌ಬಿ 2.0 ಎಕ್ಸ್‌ಟೆನ್ಷನ್ ಕೇಬಲ್ ತಗೊಂಡು ಡಾಂಗಲ್ಲನ್ನು ಡಿಸ್ಕ್‌ನಿಂದ ದೂರ, ಮೌಸ್ ಹತ್ತಿರ ಇಡಿ. ನನ್ನ ಪ್ರಕಾರ ಇದಕ್ಕಿಂತ ಅಗ್ಗದ ರಿಪೇರಿ ಇಲ್ಲ. ವೈಫೈಗಾದ್ರೆ, ರೂಟರ್‌ನಲ್ಲಿ 5 ಗಿಗಾಹರ್ಟ್ಸ್ ಇದ್ರೆ ಲ್ಯಾಪ್‌ಟಾಪನ್ನು ಅದಕ್ಕೇ ಜೋಡಿಸಿ. ಡೆಸ್ಕ್‌ಟಾಪ್ ಬಳಸೋರು ಡಾಂಗಲ್ಲನ್ನು ಕ್ಯಾಬಿನೆಟ್ ಹಿಂದೆ ಹಾಕಿದ್ರೆ ಮುಂದಕ್ಕೆ ತನ್ನಿ. ಅಲ್ಲಿ ಲೋಹದ ಡಬ್ಬಿಯೂ ಅಡ್ಡ ಇರುತ್ತೆ.